ಕಂಟ್ರೋಲ್ ಪ್ಯಾನೆಲ್‌ಗೆ ಕೇಬಲ್ ಒಳಬರುವಲ್ಲಿನ ದೋಷಗಳು: ಪತ್ತೆ, ನಿವಾರಣೆ ಮತ್ತು ಸರಿಯಾದ ಆಯ್ಕೆ

ಕಂಟ್ರೋಲ್ ಪ್ಯಾನೆಲ್ ಒಂದರಲ್ಲಿ ರಿಲೇಗಳು ಪದೇಪದೇ ಕೆಡುತ್ತಿದ್ದರೆ, ಅರ್ತ್ ಲೀಕೇಜ್ ಬ್ರೇಕರ್ ಗೊತ್ತಾದ ಕಾರಣವಿಲ್ಲದೆ ಟ್ರಿಪ್ ಆಗುತ್ತಿದ್ದರೆ, ಟರ್ಮಿನಲ್‌ಗಳ ಮೇಲೆ ಹಸಿರು ಕಿಲುಬು ಕಾಣಿಸಿಕೊಂಡರೆ ಅಥವಾ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಓಡುವಾಗ ಮಾತ್ರ ಸೆನ್ಸರ್‌ನ ಅಳತೆ ಏರುಪೇರಾಗುತ್ತಿದ್ದರೆ, ಸಾಮಾನ್ಯವಾಗಿ ಮೊದಲು ಬದಲಾಗುವುದು ಬಿಡಿಭಾಗ. ಹೊಸ ಬಿಡಿಭಾಗವೂ ಅದೇ ರೀತಿಯಲ್ಲಿ ಕೆಟ್ಟ ಮೇಲೆ ಹುಡುಕಾಟ ಬೇರೆಡೆಗೆ ತಿರುಗುತ್ತದೆ. ಇಂಥ ದೋಷಗಳಲ್ಲಿ ದೊಡ್ಡ ಪಾಲು ಪ್ಯಾನೆಲ್‌ನ ಒಳಗೆ ಹುಟ್ಟಿದ್ದಲ್ಲ, ಕೇಬಲ್ ಒಳಬರುವ ರಂಧ್ರದಲ್ಲಿ ಹುಟ್ಟಿದ್ದು. ಪೆಟ್ಟಿಗೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ರಕ್ಷಣೆ ಅದರಲ್ಲಿರುವ ಅತಿ ದುರ್ಬಲ ರಂಧ್ರದಷ್ಟೇ. ಐಪಿ66 (ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ದರ್ಜೆ) ಎಂದು ಬರೆದ ಪೆಟ್ಟಿಗೆಯ ತಳದಲ್ಲಿ ಮುಚ್ಚದೆ ಬಿಟ್ಟ ಒಂದೇ ಒಂದು ತೂತಿದ್ದರೆ ಆ ಬರಹಕ್ಕೆ ಅರ್ಥವಿಲ್ಲ.

ಈ ಬರಹ ಅಂಥ ದೋಷವನ್ನು ಗುರುತಿಸುವ ಕ್ರಮವನ್ನೂ, ಗುರುತಿಸಿದ ಮೇಲೆ ಹಳೆಯದನ್ನೇ ಮತ್ತೆ ಬಿಗಿಯುವ ಬದಲು ಯಾವ ಬಗೆಯ ಕೇಬಲ್ ಪ್ರವೇಶವನ್ನು ಆರಿಸಬೇಕು ಎಂಬುದನ್ನೂ ವಿವರಿಸುತ್ತದೆ. ಉದ್ದಕ್ಕೂ ನನ್ನ ವಾದ ಒಂದೇ: ಕೇಬಲ್ ಪ್ರವೇಶವನ್ನು ಪೆಟ್ಟಿಗೆಯ ತೂತು ನೋಡಿ ಆರಿಸಬಾರದು, ಕೇಬಲ್ ನೋಡಿ ಆರಿಸಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ

ಮುಖ್ಯ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಎಚ್ಚರಿಕೆಯ ಫಲಕ ತೂಗುಹಾಕಿ, ಬಳಿಕ ಟೆಸ್ಟರ್‌ನಿಂದ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮುಖ್ಯ ಸ್ವಿಚ್ ಆಫ್ ಮಾಡಿದರೂ ಜೀವಂತವಾಗಿಯೇ ಉಳಿಯುವ ತಂತಿಗಳು ಪ್ಯಾನೆಲ್‌ನಲ್ಲಿ ಇರಬಹುದು. ಬೇರೊಂದು ಪ್ಯಾನೆಲ್‌ನಿಂದ ಬರುವ ಇಂಟರ್‌ಲಾಕ್ ಸಂಕೇತಗಳು, ಒಳದೀಪ ಮತ್ತು ಹೀಟರ್‌ನ ಸರಬರಾಜು ಈ ಗುಂಪಿಗೆ ಸೇರಿದವು. ಐಇಸಿ 60204-1 ಮಾನದಂಡವನ್ನು ಅನುಸರಿಸಿ ಕಟ್ಟಿದ ಯಂತ್ರಗಳಲ್ಲಿ ಇವಕ್ಕೆ ಕಿತ್ತಳೆ ಬಣ್ಣದ ತಂತಿ ಬಳಸುವ ಪದ್ಧತಿ ಇದೆ. ಆದರೆ ಬಣ್ಣವನ್ನು ನಂಬಿ ಕೈಯಿಡಬೇಡಿ, ಅಳೆದು ನೋಡಿಯೇ ಮುಟ್ಟಿ. ಡ್ರೈವ್ ಇದ್ದರೆ ಅದರ ಮೇಲೆ ಬರೆದಿರುವಷ್ಟು ನಿಮಿಷ ಕಾದು, ಡಿಸಿ ಬಸ್‌ನ ವೋಲ್ಟೇಜ್ ಇಳಿದಿದೆಯೇ ಎಂದು ಪರೀಕ್ಷಿಸಿ.

ಸ್ಫೋಟಕ ಅನಿಲ ಅಥವಾ ಧೂಳು ಇರಬಹುದಾದ ವಲಯದ ಪೆಟ್ಟಿಗೆಗಳಿಗೆ ಮುಂದೆ ಹೇಳುವ ಪರಿಹಾರಗಳು ಅನ್ವಯಿಸುವುದಿಲ್ಲ. ಅಲ್ಲಿ ಗ್ಲ್ಯಾಂಡ್ (ತೂತಿನಲ್ಲಿ ಕೂತು ಕೇಬಲನ್ನು ಹಿಡಿದು ಸೀಲ್ ಮಾಡುವ ಬಿಡಿಭಾಗ) ಕೂಡ ಪ್ರಮಾಣೀಕೃತ ಉಪಕರಣದ ಒಂದು ಭಾಗ. ಐಇಸಿ 60079-14ರ ಪ್ರಕಾರ ಆರಿಸಿ ಅಳವಡಿಸಿದ್ದನ್ನು ಬೇರೊಂದರಿಂದ ಬದಲಿಸುವ ಅಧಿಕಾರ ಆ ಕೆಲಸದಲ್ಲಿ ತರಬೇತಿ ಪಡೆದವರಿಗೆ ಮಾತ್ರ ಇರಬೇಕು.

ಒರೆಸುವ ಮುನ್ನ ನೋಡಿ

ಪ್ಯಾನೆಲ್ ತೆರೆದಾಗ ನೀರು ಕಂಡರೆ ಕೈ ತಾನಾಗಿ ಬಟ್ಟೆಯ ಕಡೆಗೆ ಹೋಗುತ್ತದೆ. ದಯವಿಟ್ಟು ಒರೆಸಬೇಡಿ. ಆ ಗುರುತುಗಳೇ ನಿಮ್ಮ ಬಳಿ ಇರುವ ಏಕೈಕ ಸಾಕ್ಷ್ಯ. ಮೊದಲು ಫೋಟೊ ತೆಗೆದುಕೊಳ್ಳಿ, ಆಮೇಲೆ ಟಾರ್ಚ್ ಬೆಳಕನ್ನು ಗೋಡೆಗೆ ಓರೆಯಾಗಿ ಹಿಡಿದು ಗುರುತುಗಳನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ.

ನೀರು ಇಳಿದು ಒಣಗಿದ ಜಾಗದಲ್ಲಿ ಸುಣ್ಣದಂಥ ತೆಳು ಬಿಳಿ ಗೆರೆ ಉಳಿದಿರುತ್ತದೆ. ಆ ಗೆರೆ ಗ್ಲ್ಯಾಂಡನ್ನು ಗೋಡೆಗೆ ಬಿಗಿಯುವ ಲಾಕ್‌ನಟ್‌ನ ಅಂಚಿನಿಂದ ಶುರುವಾಗಿದ್ದರೆ ನೀರು ಗ್ಲ್ಯಾಂಡ್ ಮತ್ತು ಪೆಟ್ಟಿಗೆಯ ಗೋಡೆಯ ನಡುವಿನಿಂದ ಬಂದಿದೆ. ಕೇಬಲ್‌ನ ಹೊರಕವಚದ ಮೇಲೆಯೇ ಗೆರೆ ಇದ್ದರೆ ಗ್ಲ್ಯಾಂಡ್‌ನ ಒಳಗಿನ ರಬ್ಬರ್ ಸೀಲ್ ಕೇಬಲನ್ನು ಸರಿಯಾಗಿ ಹಿಡಿದಿಲ್ಲ. ಹೊರಕವಚ ಸುಲಿದ ಬಾಯಿಯಿಂದ, ಅಂದರೆ ಬಣ್ಣಬಣ್ಣದ ಕೋರ್‌ಗಳು ಹೊರಬರುವ ಜಾಗದಿಂದ ಪಸೆ ಶುರುವಾಗಿದ್ದರೆ ನೀರು ಬಂದಿರುವುದು ಕೇಬಲ್‌ನ ಹೊಟ್ಟೆಯೊಳಗಿಂದ. ಈ ಮೂರನೆಯದನ್ನು ಗಮನಿಸದೆ ಗ್ಲ್ಯಾಂಡ್ ಬದಲಿಸಿ, ಅದು ಸೋರುತ್ತಲೇ ಇದೆಯೆಂದು ತಲೆ ಕೆಡಿಸಿಕೊಳ್ಳುವುದು ತೀರಾ ಸಾಮಾನ್ಯ. ಇನ್ನು ಛಾವಣಿಯ ಒಳಮೈ, ಬಾಗಿಲಿನ ಒಳಮೈ, ಮೌಂಟಿಂಗ್ ಪ್ಲೇಟ್ ಎಲ್ಲದರ ಮೇಲೂ ಒಂದೇ ಸಮನಾಗಿ ಸಣ್ಣ ಹನಿಗಳಿದ್ದು ಎಲ್ಲಿಂದಲೂ ಗೆರೆ ಶುರುವಾಗದಿದ್ದರೆ ಅದು ಸೋರಿಕೆಯಲ್ಲ, ಒಳಗಿನ ಆವಿ ತಣ್ಣಗಾಗಿ ಹನಿಗಟ್ಟಿದ್ದು.

ಧೂಳಿಗೂ ಅದರದೇ ಗುರುತಿದೆ. ಫ್ಯಾನ್ ಇರುವ ಪ್ಯಾನೆಲ್ ಹೊರಗಿನ ಗಾಳಿಯನ್ನು ಸಿಕ್ಕ ಸಂದಿನಿಂದ ಒಳಗೆಳೆಯುತ್ತದೆ. ಆ ಸಂದಿನ ಬಾಯಿಂದ ಧೂಳು ಬೀಸಣಿಗೆಯಂತೆ ಅಗಲವಾಗುತ್ತ ಹರಡಿರುತ್ತದೆ, ಬೀಸಣಿಗೆಯ ಹಿಡಿ ಇರುವಲ್ಲೇ ತೂತು ಇರುತ್ತದೆ.

ಕಾಗದ, ಟಾರ್ಚ್ ಮತ್ತು ನೀರು

ಗುರುತು ಸ್ಪಷ್ಟವಿಲ್ಲದಿದ್ದರೆ ಪರೀಕ್ಷೆ ಮಾಡಬೇಕು. ಕೋಣೆ ಕತ್ತಲು ಮಾಡಿ, ಪ್ರಬಲ ಟಾರ್ಚನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದರೆ ದೊಡ್ಡ ಸಂದುಗಳು ಹೊರಗಿನಿಂದ ಬೆಳಕಾಗಿ ಕಾಣುತ್ತವೆ. ಬೆಳಕು ಕಾಣಲಿಲ್ಲವೆಂದ ಮಾತ್ರಕ್ಕೆ ನೀರು ಬರುವುದಿಲ್ಲ ಎಂದಲ್ಲ, ಏಕೆಂದರೆ ನೀರು ಬಳಸುದಾರಿಯಲ್ಲೂ ನುಸುಳುತ್ತದೆ. ಬಾಗಿಲಿನ ಗ್ಯಾಸ್ಕೆಟ್ ಮೇಲೆ ಅನುಮಾನವಿದ್ದರೆ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ, ಸುತ್ತಲೂ ಒಂದೇ ಬಿಗಿ ಸಿಗಬೇಕು. ಗ್ಯಾಸ್ಕೆಟ್ಟಿನ ಸೋರಿಕೆಯನ್ನು ಗ್ಲ್ಯಾಂಡಿನ ತಲೆಗೆ ಕಟ್ಟಬಾರದು ಎಂಬ ಕಾರಣಕ್ಕೆ ಈ ಸಣ್ಣ ಪರೀಕ್ಷೆಯನ್ನು ಬಿಡದೆ ಮಾಡಿ.

ನೀರಿನ ಪರೀಕ್ಷೆಯನ್ನು ಪ್ಯಾನೆಲ್‌ನ ವಿದ್ಯುತ್ ಪೂರ್ತಿ ಕಡಿದ ಸ್ಥಿತಿಯಲ್ಲಿ, ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಮರೆ ಕಟ್ಟಿ ಮಾಡಬೇಕು. ಪ್ರತಿ ಗ್ಲ್ಯಾಂಡಿನ ಒಳಬದಿಗೆ ಒಣ ಟಿಶ್ಯೂ ಕಾಗದ ಸುತ್ತಿ. ಹೊರಗಿನಿಂದ ಮಂದವಾಗಿ ನೀರು ಹಾಯಿಸುತ್ತ ಅತಿ ಕೆಳಗಿನ ಗ್ಲ್ಯಾಂಡಿನಿಂದ ಆರಂಭಿಸಿ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲದರ ಮೇಲೂ ಹರಿದು, ಯಾವುದು ಸೋರುತ್ತಿದೆ ಎಂಬುದು ತಿಳಿಯದೆ ಹೋಗುತ್ತದೆ. ವಾಹನ ತೊಳೆಯುವ ಪ್ರೆಷರ್ ವಾಷರ್ ಬಳಸುವುದು ಬೇಡ. ಅದರ ರಭಸ ಐಪಿ69ರ ಪರೀಕ್ಷೆಗೆ ಹತ್ತಿರದ್ದು, ಆ ದರ್ಜೆಗೆ ತಯಾರಾಗದ ಒಳ್ಳೆಯ ಗ್ಲ್ಯಾಂಡನ್ನೂ ಅದು ಸೋಲಿಸುತ್ತದೆ, ಆಗ ನಿಮಗೆ ಸಿಗುವುದು ಇಲ್ಲದ ದೋಷ.

ಐಪಿ ಅಂಕಿಗಳ ಬಗ್ಗೆ ಇಲ್ಲಿಯೇ ಒಂದು ವಿಷಯ ಹೇಳಬೇಕು. ಐಇಸಿ 60529ರ ಪ್ರಕಾರ ಐಪಿ65ರ ಪರೀಕ್ಷೆಯಲ್ಲಿ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹಾಯಿಸುತ್ತಾರೆ. ಐಪಿ66ರಲ್ಲಿ 12.5 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 100 ಲೀಟರ್. ಐಪಿ67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸುವುದು. ಮುಳುಗಿಸಿ ಪಾಸಾದದ್ದು ರಭಸದ ಜಲಧಾರೆಯನ್ನೂ ತಡೆಯುತ್ತದೆ ಎಂದು ಮಾನದಂಡ ಎಲ್ಲೂ ಹೇಳುವುದಿಲ್ಲ. ಪೈಪ್ ಹಿಡಿದು ತೊಳೆಯುವ ಜಾಗಕ್ಕೆ ಐಪಿ67 ಎಂದಷ್ಟೇ ಬರೆದ ಭಾಗವನ್ನು ಹಾಕುವುದು ತಪ್ಪು ಆಯ್ಕೆ. ಐಪಿ66/67 ಎಂದು ಎರಡನ್ನೂ ನಮೂದಿಸಿದ್ದನ್ನೇ ಕೇಳಿ ಪಡೆಯಿರಿ.

ಅತಿ ಹೆಚ್ಚು ಕಾಣಿಸುವ ಕಾರಣ: ವ್ಯಾಸ ಹೊಂದದಿರುವುದು

ಕೇಬಲ್ ಹೊರಕವಚದ ಉದ್ದಕ್ಕೂ ನೀರು ಇಳಿದಿದ್ದರೆ ಮೊದಲು ಕ್ಯಾಲಿಪರ್ ಹಿಡಿದು, ಸೀಲ್ ಕೂರುವ ಜಾಗದಲ್ಲೇ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಕೇಬಲ್‌ನ ವ್ಯಾಸ ಅಳೆಯಿರಿ. ಎರಡು ಅಳತೆಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ಕೇಬಲ್ ದುಂಡಗಿಲ್ಲ. ಬಳಿಕ ಗ್ಲ್ಯಾಂಡಿನ ಹಿಡಿತದ ವ್ಯಾಪ್ತಿಯನ್ನು ತಯಾರಕರ ಪಟ್ಟಿಯಲ್ಲಿ ನೋಡಿ. ಎಂ20 ಎನ್ನುವುದು ಥ್ರೆಡ್‌ನ ಅಳತೆಯೇ ಹೊರತು ಕೇಬಲ್‌ನದಲ್ಲ. ಒಂದು ಮಾದರಿಯ ಎಂ20 ಗ್ಲ್ಯಾಂಡ್ 6ರಿಂದ 12 ಮಿ.ಮೀ. ವ್ಯಾಸದ ಕೇಬಲನ್ನು ಹಿಡಿದರೆ ಇನ್ನೊಂದು ಮಾದರಿಯ ಎಂ20 10ರಿಂದ 14 ಮಿ.ಮೀ. ಹಿಡಿಯಬಹುದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟ ಸ್ಟೋರ್‌ನಿಂದ ಬಂದ ಗ್ಲ್ಯಾಂಡು ಎರಡನೆಯ ಮಾದರಿಯದಾಗಿದ್ದರೆ 8 ಮಿ.ಮೀ. ಕೇಬಲ್ ಮೇಲೆ ಎಷ್ಟು ಬಿಗಿದರೂ ಸೀಲ್ ಆಗುವುದಿಲ್ಲ. ಕೇಬಲ್‌ನ ವ್ಯಾಸ ವ್ಯಾಪ್ತಿಯ ನಡುಭಾಗದಲ್ಲಿ ಬೀಳುವಂತೆ ಆರಿಸುವುದು ನನ್ನ ಸಲಹೆ. ಕೆಳತುದಿಯಲ್ಲಿದ್ದರೆ ಸೀಲ್ ತನ್ನ ಮಿತಿಯವರೆಗೆ ಹಿಂಡಿಹೋಗುತ್ತದೆ, ಮೇಲ್ತುದಿಯಲ್ಲಿದ್ದರೆ ಕೇಬಲ್ ತೂರಿಸುವಾಗಲೇ ಸೀಲ್ ಮಡಚಿಕೊಳ್ಳುತ್ತದೆ.

ವ್ಯಾಸ ಸಾಲದಾಗ ಕೇಬಲ್ ಮೇಲೆ ಪಿವಿಸಿ ಟೇಪ್ ಸುತ್ತಿ ದಪ್ಪ ಮಾಡುವ ರೂಢಿ ಎಲ್ಲೆಡೆ ಇದೆ. ಟೇಪಿನ ಪದರಗಳ ನಡುವಿನ ಸುರುಳಿಯೇ ನೀರಿಗೆ ದಾರಿ. ಬಿಸಿಗೆ ಅಂಟು ಮೆತ್ತಗಾಗಿ ಪದರಗಳು ಜಾರುತ್ತವೆ. ಇದಕ್ಕೆ ಬದಲು ಚಿಕ್ಕ ವ್ಯಾಪ್ತಿಯ ಸೀಲ್ ಇರುವ ಗ್ಲ್ಯಾಂಡ್ ತನ್ನಿ.

ಒಂದೇ ಗ್ಲ್ಯಾಂಡಿನಲ್ಲಿ ಎರಡು ಮೂರು ಕೇಬಲ್‌ಗಳನ್ನು ತೂರಿಸಿರುವುದು ಇನ್ನೊಂದು ರೂಢಿ. ಮೂರು ದುಂಡನೆಯ ಕೇಬಲ್‌ಗಳು ಕೂಡಿದಾಗ ನಡುವೆ ಉಳಿಯುವ ಮುಮ್ಮೂಲೆಯ ಸಂದಿಗೆ ಯಾವ ದುಂಡು ಸೀಲೂ ತಲುಪುವುದಿಲ್ಲ. ನಟ್ ಬಿಗಿದಷ್ಟೂ ಕೇಬಲ್‌ಗಳು ಒಂದನ್ನೊಂದು ಅಮುಕುತ್ತವೆಯೇ ಹೊರತು ಸಂದು ಮುಚ್ಚುವುದಿಲ್ಲ. ಇದಕ್ಕೆಂದೇ ಹಲವು ತೂತುಗಳ ಸೀಲ್ ಇನ್‌ಸರ್ಟ್‌ಗಳು ಸಿಗುತ್ತವೆ. ಅದರಲ್ಲಿ ಖಾಲಿ ಉಳಿದ ತೂತಿಗೆ ಅದೇ ವ್ಯಾಸದ ಪಿನ್ ಹಾಕಿ ಮುಚ್ಚಲೇಬೇಕು. ಚಪ್ಪಟೆ ಕೇಬಲ್‌ಗೆ ಚಪ್ಪಟೆ ತೂತಿನ ಇನ್‌ಸರ್ಟ್ ಬೇಕು.

ಸೋರುವ ಗ್ಲ್ಯಾಂಡಿಗೆ ಸಿಲಿಕೋನ್ ಮೆತ್ತುವುದನ್ನು ನಾನು ಒಪ್ಪುವುದಿಲ್ಲ. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಆವಿ ತಾಮ್ರದ ಕೋರ್‌ಗಳನ್ನೂ ಟರ್ಮಿನಲ್‌ಗಳನ್ನೂ ತಿನ್ನುತ್ತದೆ. ಮೂಲ ದೋಷ ಹಾಗೆಯೇ ಉಳಿದು, ಅದರ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ.

ಲಾಕ್‌ನಟ್ ಬಳಿಯ ಸೋರಿಕೆ

ಗೆರೆ ಲಾಕ್‌ನಟ್‌ನಿಂದ ಶುರುವಾಗಿದ್ದರೆ ಗ್ಲ್ಯಾಂಡನ್ನು ಬಿಚ್ಚಿ ತೂತನ್ನೇ ಅಳೆಯಿರಿ. ಹಳೆಯ ಪೆಟ್ಟಿಗೆಗಳಲ್ಲಿ ಪಿಜಿ ಎಂಬ ಹಳೆಯ ಥ್ರೆಡ್ ಅಳತೆಯ ತೂತುಗಳಿರುತ್ತವೆ, ಹೊಸ ಗ್ಲ್ಯಾಂಡ್‌ಗಳು ಮೆಟ್ರಿಕ್. ಪಿಜಿ16ರ ಥ್ರೆಡ್ ವ್ಯಾಸ 22.5 ಮಿ.ಮೀ. ಆ ತೂತಿಗೆ ಎಂ20 ಹಾಕಿದರೆ ವ್ಯಾಸದಲ್ಲಿ ಎರಡೂವರೆ ಮಿ.ಮೀ. ಸಡಿಲ ಉಳಿಯುತ್ತದೆ, ಗ್ಲ್ಯಾಂಡ್ ಒಂದು ಬದಿಗೆ ಜಾರಿ ವಾಷರ್‌ನ ಅಂಚು ತೂತಿನೊಳಗೆ ಇಳಿಯುತ್ತದೆ. ಪಿಜಿ13.5 ಇನ್ನೂ ಮೋಸಗೊಳಿಸುವಂಥದ್ದು. ಅದರ ವ್ಯಾಸ 20.4 ಮಿ.ಮೀ., ಎಂ20ಕ್ಕೆ ತೀರಾ ಹತ್ತಿರ. ತೂತಿನಲ್ಲಿ ಎಂ20 ಚೆನ್ನಾಗಿಯೇ ಕೂರುತ್ತದೆ, ಆದರೆ ಡಬ್ಬಿಯಲ್ಲಿ ಸಿಕ್ಕಿದ ಹಳೆಯ ಪಿಜಿ13.5 ಲಾಕ್‌ನಟ್ ಅದರ ಮೇಲೆ ಹತ್ತಿದಂತೆ ಕಂಡರೂ ಹಿಡಿಯುವುದಿಲ್ಲ. ಪಿಜಿ ಥ್ರೆಡ್‌ನ ಕೋನ 80 ಡಿಗ್ರಿ, ಮೆಟ್ರಿಕ್‌ನದು 60 ಡಿಗ್ರಿ, ಅಂತರವೂ ಬೇರೆ. ಕಂಪನಕ್ಕೆ ಅದು ಸಡಿಲವಾಗುವುದು ಖಚಿತ.

ತೂತು ಸರಿಯಿದ್ದರೆ ವಾಷರ್ ನೋಡಿ. ಪ್ಲಾಸ್ಟಿಕ್ ಗ್ಲ್ಯಾಂಡ್‌ಗಳಲ್ಲಿ ಹಲವು ವಾಷರ್ ಇಲ್ಲದೆಯೇ ಬರುತ್ತವೆ, ಅದನ್ನು ಬೇರೆಯಾಗಿ ತರಿಸಬೇಕೆಂಬುದು ಗೊತ್ತಿಲ್ಲದೆ ಹಾಗೆಯೇ ಹಾಕಿಬಿಡುತ್ತಾರೆ. ತೂತು ಕೊರೆದ ಬಳಿಕ ಅಂಚಿನ ಮುಳ್ಳನ್ನು ಉಜ್ಜದೆ ಬಿಟ್ಟಿದ್ದರೆ ಅದು ವಾಷರನ್ನು ಕೊಯ್ದಿರುತ್ತದೆ. ಪೆಟ್ಟಿಗೆಯ ಗೋಡೆ ತೆಳುವಾಗಿದ್ದರೆ ಎರಡು ತೂತುಗಳ ನಡುವೆ ತಗಡು ಬಾಗಿರಬಹುದು, ಬಾಗಿದ ಮೈಮೇಲೆ ಚಪ್ಪಟೆ ವಾಷರ್ ಕೂರುವುದಿಲ್ಲ.

ಅತಿಯಾಗಿ ಬಿಗಿಯುವುದೂ ದೋಷವೇ. ಪಾಲಿಅಮೈಡ್ (ನೈಲಾನ್ ಬಗೆಯ ಪ್ಲಾಸ್ಟಿಕ್) ಗ್ಲ್ಯಾಂಡಿನ ನಟ್ಟನ್ನು ಸ್ಪ್ಯಾನರ್‌ನಿಂದ ಕೈಬಲದಷ್ಟೂ ತಿರುಗಿಸಿದರೆ ಬುಡದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ, ರಬ್ಬರ್ ನಟ್ಟಿನ ಬಾಯಿಂದ ಹೊರಗೆ ಉಬ್ಬುತ್ತದೆ. ತಯಾರಕರು ಹೇಳಿದ ಟಾರ್ಕ್‌ಗೆ ನಿಲ್ಲಿಸಿ.

ನೀರು ಕೇಬಲ್‌ನೊಳಗಿನಿಂದ ಬಂದಾಗ

ಇದು ಎಲ್ಲಕ್ಕಿಂತ ಹೆಚ್ಚು ದಿಕ್ಕು ತಪ್ಪಿಸುವ ದೋಷ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೊರಗೆ ಬಿಸಿಲಿನಲ್ಲಿರುವ, ಚೆನ್ನಾಗಿ ಸೀಲ್ ಆದ ಪೆಟ್ಟಿಗೆಯೊಂದನ್ನು ಊಹಿಸಿಕೊಳ್ಳಿ. ಹಗಲು ಅದರೊಳಗಿನ ಗಾಳಿ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಹಿಗ್ಗಿ, ಸಿಕ್ಕ ಸಂದಿನಿಂದ ಒಂದಿಷ್ಟು ಹೊರಹೋಗುತ್ತದೆ. ಮಳೆ ಸುರಿದು ಪೆಟ್ಟಿಗೆ ಥಟ್ಟನೆ 20 ಡಿಗ್ರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಪೂರ್ತಿ ಗಾಳಿಯಾಡದ ಪೆಟ್ಟಿಗೆಯಾದರೆ ಒಳಗಿನ ಒತ್ತಡ ಹೊರಗಿಗಿಂತ ಸುಮಾರು 120 ಮಿಲಿಬಾರ್‌ನಷ್ಟು ಕಡಿಮೆಯಾಗುತ್ತದೆ, ಅದು ನೀರನ್ನು ಒಂದು ಮೀಟರ್‌ಗೂ ಎತ್ತರಕ್ಕೆ ಸೆಳೆಯಬಲ್ಲ ಹೀರುಬಲ. ಐಪಿಯ ಮೊದಲ ಅಂಕಿ 6 ಪಡೆಯಲು ಮಾಡುವ ಧೂಳಿನ ಪರೀಕ್ಷೆಯಲ್ಲಿ ಬಳಸುವ ನಿರ್ವಾತವೇ ಹೆಚ್ಚೆಂದರೆ 20 ಮಿಲಿಬಾರ್. ನಿಜವಾದ ಪೆಟ್ಟಿಗೆಗಳು ಅಷ್ಟು ಬಿಗಿಯಾಗಿರುವುದಿಲ್ಲ, ಹೀರುಬಲವೂ ಅಷ್ಟಾಗುವುದಿಲ್ಲ. ಆದರೂ ದಿಕ್ಕು ಅದೇ: ಪೆಟ್ಟಿಗೆ ಪ್ರತಿ ತಂಪಿಗೂ ಹೊರಗಿನಿಂದ ಏನನ್ನಾದರೂ ಒಳಗೆಳೆದುಕೊಳ್ಳುತ್ತದೆ.

ಗ್ಲ್ಯಾಂಡ್‌ಗಳೆಲ್ಲ ಬಿಗಿಯಾಗಿದ್ದಾಗ ಉಳಿಯುವ ಸುಲಭದ ದಾರಿ ಕೇಬಲ್‌ನ ಒಳಗಿನ ಸಂದು. ಎಳೆಎಳೆಯಾದ ತಾಮ್ರದ ನಡುವೆ, ಕೋರ್ ಮತ್ತು ಹೊರಕವಚದ ನಡುವೆ ಗಾಳಿ ಹರಿಯುವಷ್ಟು ಜಾಗವಿರುತ್ತದೆ. ಕೇಬಲ್‌ನ ಇನ್ನೊಂದು ತುದಿ ನೀರು ನಿಂತ ಜಂಕ್ಷನ್ ಬಾಕ್ಸ್‌ನಲ್ಲಿದ್ದರೆ ಅಥವಾ ದಾರಿಯಲ್ಲಿ ಎಲ್ಲೋ ಹೊರಕವಚ ಸೀಳಿದ್ದರೆ, ಆ ನೀರು ಮೀಟರ್‌ಗಟ್ಟಲೆ ದೂರ ಸಾಗಿ ಪ್ಯಾನೆಲ್‌ನ ಟರ್ಮಿನಲ್ ಮೇಲೆ ತೊಟ್ಟಿಕ್ಕುತ್ತದೆ. ಇಂಥಲ್ಲಿ ಗ್ಲ್ಯಾಂಡನ್ನು ಇನ್ನಷ್ಟು ಬಿಗಿದರೆ ದೋಷ ಹೆಚ್ಚುತ್ತದೆ, ಏಕೆಂದರೆ ಹೀರುಬಲವೆಲ್ಲ ಕೇಬಲ್ ಮೂಲಕವೇ ಕೆಲಸ ಮಾಡತೊಡಗುತ್ತದೆ.

ಪತ್ತೆಗೆ ಅನುಮಾನವಿರುವ ಕೇಬಲ್‌ನ ಕೋರ್‌ಗಳನ್ನು ಟರ್ಮಿನಲ್‌ನಿಂದ ಬಿಡಿಸಿ, ಹೊರಕವಚದ ಬಾಯಿಗೆ ಒಣ ಟಿಶ್ಯೂ ಸುತ್ತಿ, ಒಂದು ರಾತ್ರಿ ಬಿಟ್ಟು ನೋಡಿ. ಟಿಶ್ಯೂ ಒದ್ದೆಯಾಗಿ ಗ್ಲ್ಯಾಂಡಿನ ಒಳಬದಿ ಒಣಗಿಯೇ ಇದ್ದರೆ ಉತ್ತರ ಸಿಕ್ಕಿತು. ಪರಿಹಾರ ಕೇಬಲ್‌ನ ಇನ್ನೊಂದು ತುದಿಯ ಕಡೆಗಿದೆ: ಜಂಕ್ಷನ್ ಬಾಕ್ಸ್ ಸರಿಪಡಿಸಬೇಕು, ಸೀಳಿದ ಕೇಬಲ್ ಬದಲಿಸಬೇಕು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್‌ನಿಂದ ಹೊರಕವಚದ ಬಾಯಿ ಮುಚ್ಚಬೇಕು. ಪ್ಯಾನೆಲ್ ಕಡೆಗೆ ಒತ್ತಡ ಸಮಗೊಳಿಸುವ ವೆಂಟ್ ಪ್ಲಗ್ ಹಾಕಬೇಕು. ಅದರ ಪೊರೆ ಗಾಳಿಯನ್ನು ಬಿಡುತ್ತದೆ, ನೀರಿನ ಹನಿಯನ್ನು ತಡೆಯುತ್ತದೆ. ಹೊರಾಂಗಣದ ಪೆಟ್ಟಿಗೆಗೆ ಇದನ್ನು ಐಚ್ಛಿಕವೆಂದು ಪರಿಗಣಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹನಿಗಟ್ಟುವಿಕೆಯ ದೋಷಕ್ಕೂ ಇದೇ ವೆಂಟ್ ಒಂದಿಷ್ಟು ನೆರವಾಗುತ್ತದೆ. 30 ಡಿಗ್ರಿಯ ಗಾಳಿ ಪ್ರತಿ ಘನ ಮೀಟರ್‌ಗೆ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು, 20 ಡಿಗ್ರಿಯದು ಸುಮಾರು 17 ಗ್ರಾಂ ಮಾತ್ರ, ಉಳಿದದ್ದು ಹನಿಯಾಗಿ ಇಳಿಯುತ್ತದೆ. ಥರ್ಮೋಸ್ಟ್ಯಾಟ್ ಅಥವಾ ಹೈಗ್ರೋಸ್ಟ್ಯಾಟ್ (ತೇವಾಂಶ ನೋಡಿ ಕೆಲಸ ಮಾಡುವ ಸ್ವಿಚ್) ಇರುವ ಹೀಟರ್ ಮತ್ತು ತಳದಲ್ಲಿ ಡ್ರೈನ್ ಪ್ಲಗ್ ಇದರ ಮುಖ್ಯ ಮದ್ದು. ಗ್ಲ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ.

ಕೇಬಲ್ ಮೇಲಿನಿಂದ ಇಳಿದು ಬರುವ ಪೆಟ್ಟಿಗೆಗಳಲ್ಲಿ ನೀರು ಹೊರಕವಚದ ಮೇಲೆ ಹರಿದು ನೇರ ಸೀಲ್ ಮೇಲೆ ನಿಲ್ಲುತ್ತದೆ. ಪ್ರವೇಶ ತಳದಿಂದ ಇರಲಿ. ಅದಾಗದಿದ್ದರೆ ಪಕ್ಕದಿಂದ ತಂದು, ಒಳಹೋಗುವ ಮುನ್ನ ಕೇಬಲ್ ಒಮ್ಮೆ ಗ್ಲ್ಯಾಂಡಿಗಿಂತ ಕೆಳಗೆ ಬಾಗುವಂತೆ ಬಿಡಿ, ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿಹೋಗುತ್ತದೆ. ಆದರೆ ಬಾಗು ಗ್ಲ್ಯಾಂಡಿನ ಬಾಯಲ್ಲೇ ಶುರುವಾಗಬಾರದು. ಹಾಗಾದರೆ ಕೇಬಲ್ ಸೀಲನ್ನು ಒಂದು ಪಕ್ಕಕ್ಕೆ ಒತ್ತಿ ಇನ್ನೊಂದು ಪಕ್ಕದಲ್ಲಿ ಸಂದು ತೆರೆಯುತ್ತದೆ.

ಪ್ಲಗ್ ಸಮೇತ ಬರುವ ಕೇಬಲ್‌ಗಳು

ಸರ್ವೋ ಮೋಟಾರ್, ಎನ್‌ಕೋಡರ್ ಮತ್ತು ನೆಟ್‌ವರ್ಕ್ ಕೇಬಲ್‌ಗಳು ಈಗ ಕಾರ್ಖಾನೆಯಲ್ಲೇ ಪ್ಲಗ್ ಜೋಡಿಸಿಕೊಂಡು ಬರುತ್ತವೆ. ಗ್ಲ್ಯಾಂಡಿನಲ್ಲಿ ಪ್ಲಗ್ ತೂರುವುದಿಲ್ಲ. ಆಗ ಆಗುವುದು ಎರಡರಲ್ಲಿ ಒಂದು: ಪ್ಲಗ್ ಕತ್ತರಿಸಿ ಒಳಗೆ ಮತ್ತೆ ಜೋಡಿಸುತ್ತಾರೆ, ಇಲ್ಲವೇ ದೊಡ್ಡ ತೂತು ಕೊರೆದು ಫೋಮ್ ತುರುಕುತ್ತಾರೆ. ಮೊದಲನೆಯದರಿಂದ ಬಿಟ್ಟುಬಿಟ್ಟು ಬರುವ ಸಂವಹನ ದೋಷಗಳು ಹುಟ್ಟುತ್ತವೆ, ಎರಡನೆಯದರಿಂದ ಧೂಳು, ನೀರು, ಇಲಿ ಎಲ್ಲವೂ ಒಳಬರುತ್ತವೆ. ಎಳೆಯ ಇಲಿಗೆ 6 ಮಿ.ಮೀ. ಸಂದು ಸಾಕು.

ಇದಕ್ಕೆ ಸರಿಯಾದ ಉತ್ತರ ಎರಡು ಹೋಳಾಗುವ ಪ್ರವೇಶ. ಚೌಕಟ್ಟನ್ನು ಬಿಡಿಸಿ, ಸೀಳಿರುವ ರಬ್ಬರ್ ತುಂಡುಗಳನ್ನು ಕೇಬಲ್ ಸುತ್ತ ಮುಚ್ಚಿ, ಮತ್ತೆ ಜೋಡಿಸಿ ತಿರುಪು ಬಿಗಿಯುವ ಈ ಚೌಕಟ್ಟುಗಳು ಹಲವು ಅಳತೆಗಳಲ್ಲಿವೆ. ಹೆಚ್ಚು ಬಳಕೆಯಲ್ಲಿರುವುದು 24 ಪಿನ್ನಿನ ಕೈಗಾರಿಕಾ ಕನೆಕ್ಟರ್‌ಗೆ ಕತ್ತರಿಸುವ 112 ಗುಣಿಸು 36 ಮಿ.ಮೀ. ಕಿಂಡಿಗೆ ಕೂರುವಂಥದ್ದು. ಹಳೆಯ ಕನೆಕ್ಟರ್ ತೆಗೆದ ಕಿಂಡಿಯನ್ನೇ ಬಳಸಿಕೊಳ್ಳಬಹುದು ಎಂಬುದು ದುರಸ್ತಿಯಲ್ಲಿ ದೊಡ್ಡ ಅನುಕೂಲ. ಇವು ಸೋರಿದರೆ ನೋಡಬೇಕಾದ್ದು ಮೂರು: ರಬ್ಬರ್ ತುಂಡಿನ ಮೇಲೆ ಅಚ್ಚಾದ ವ್ಯಾಸ ಕೇಬಲ್‌ಗೆ ಹೊಂದುತ್ತದೆಯೇ, ಸೀಳು ಪೂರ್ತಿ ಮುಚ್ಚಿದೆಯೇ, ಖಾಲಿ ಜಾಗಕ್ಕೆ ತೂತಿಲ್ಲದ ತುಂಡು ಹಾಕಿದೆಯೇ. ಇಲ್ಲಿ ರಬ್ಬರ್ ತುಂಡುಗಳ ವ್ಯಾಪ್ತಿ ಗ್ಲ್ಯಾಂಡಿಗಿಂತ ಕಿರಿದು, ಸಾಮಾನ್ಯವಾಗಿ ಒಂದು ಮಿ.ಮೀ.ಯಷ್ಟೇ. ಹಾಗಾಗಿ ಅಂದಾಜು ನಡೆಯುವುದಿಲ್ಲ.

ತೆಳುವಾದ ಹಲವಾರು ಸೆನ್ಸರ್ ಕೇಬಲ್‌ಗಳಿಗೆ ಪೊರೆ ಇರುವ ಪ್ರವೇಶ ಫಲಕ ಚೆನ್ನ. ಪೊರೆಯನ್ನು ಚುಚ್ಚಿ ಕೇಬಲ್ ತೂರಿಸಿದರೆ ಅದು ತಾನೇ ಅಪ್ಪಿಕೊಳ್ಳುತ್ತದೆ. ಚಾಕುವಿನಿಂದ ಕೊಯ್ದರೆ ಮಾತ್ರ ಕೊಯ್ದ ಗಾಯ ಬೆಳೆಯುತ್ತ ಹೋಗುತ್ತದೆ, ಮೊನಚು ಸೂಜಿಯಿಂದಲೇ ಚುಚ್ಚಬೇಕು. ಒಮ್ಮೆ ಕೇಬಲ್ ಹೊರತೆಗೆದ ತೂತನ್ನು ಪ್ಲಗ್‌ನಿಂದ ಮುಚ್ಚಬೇಕು.

ಪೊರೆ ಕೇಬಲನ್ನು ಸೀಲ್ ಮಾಡುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಟರ್ಮಿನಲ್‌ಗಳು ಪದೇಪದೇ ಸಡಿಲವಾಗುತ್ತಿವೆ, ಕೋರ್‌ಗಳು ಫೆರೂಲ್ (ತಂತಿಯ ತುದಿಗೆ ಒತ್ತಿದ ಲೋಹದ ಕೊಳವೆ) ಬಳಿಯೇ ತುಂಡಾಗುತ್ತಿವೆ ಎಂಬ ದೂರು ಬಂದರೆ ಕೇಬಲ್ ಮೇಲೆ, ಪ್ರವೇಶದ ಅಂಚಿನಲ್ಲಿ, ಬಣ್ಣದ ಪೆನ್ನಿನಿಂದ ಗೆರೆ ಎಳೆದು ಯಂತ್ರ ಓಡಿಸಿ ಮತ್ತೆ ನೋಡಿ. ಗೆರೆ ಸರಿದಿದ್ದರೆ ಎಳೆತವೆಲ್ಲ ಟರ್ಮಿನಲ್ ಮೇಲೆ ಬೀಳುತ್ತಿದೆ. ಪ್ರವೇಶದ ಒಳಬದಿಗೆ ಸಿ-ರೈಲ್ ಮತ್ತು ಕ್ಲ್ಯಾಂಪ್ ಅಥವಾ ಟೈ ಕಟ್ಟುವ ಹಲ್ಲುಪಟ್ಟಿ ಹಾಕಿ.

ಡ್ರೈವ್ ಓಡುವಾಗ ಮಾತ್ರ ಬರುವ ದೋಷ

ನೀರೂ ಧೂಳೂ ಇಲ್ಲದೆ, ಡ್ರೈವ್ ಚಾಲೂ ಆದಾಗ ಮಾತ್ರ ಅನಲಾಗ್ ಅಳತೆ ಕುಣಿಯುತ್ತಿದ್ದರೆ ಶೀಲ್ಡ್ (ಕೇಬಲ್‌ನ ಹೊರಕವಚದೊಳಗಿನ ಲೋಹದ ಹೊದಿಕೆ) ಪೆಟ್ಟಿಗೆಯನ್ನು ಎಲ್ಲಿ, ಹೇಗೆ ಮುಟ್ಟುತ್ತಿದೆ ಎಂದು ನೋಡಿ. ಶೀಲ್ಡನ್ನು ಜಡೆಯಂತೆ ಹೆಣೆದು, ಹಸಿರು-ಹಳದಿ ತಂತಿ ಸೇರಿಸಿ, ದೂರದ ಅರ್ತ್ ಬಾರ್‌ಗೆ ಕಟ್ಟಿರುತ್ತಾರೆ. ಮಲ್ಟಿಮೀಟರ್ ಅದನ್ನು ಸೊನ್ನೆ ಓಮ್ ಎಂದೇ ತೋರಿಸುತ್ತದೆ, ಆದ್ದರಿಂದ ಯಾರೂ ಅನುಮಾನಿಸುವುದಿಲ್ಲ. ಆದರೆ ತಂತಿಯ ಪ್ರತಿ ಮಿ.ಮೀ. ಸರಿಸುಮಾರು 1 ನ್ಯಾನೊಹೆನ್ರಿ ಇಂಡಕ್ಟನ್ಸ್ ತರುತ್ತದೆ. 10 ಸೆಂ.ಮೀ. ಜಡೆ 10 ಮೆಗಾಹರ್ಟ್ಸ್‌ನಲ್ಲಿ ಆರು ಓಮ್‌ಗೂ ಮೀರಿದ ಅಡ್ಡಿ. ಆ ಆವರ್ತನದ ಗದ್ದಲ ಅಲ್ಲಿ ಇಳಿಯದೆ ಪ್ಯಾನೆಲ್‌ನೊಳಗೆ ಹರಡುತ್ತದೆ.

ಪರೀಕ್ಷೆ ಸುಲಭ. ವಿದ್ಯುತ್ ಕಡಿದು, ಪ್ರವೇಶದ ಹತ್ತಿರ ಹೊರಕವಚವನ್ನು ಉಂಗುರದಂತೆ ಬಿಡಿಸಿ, ಶೀಲ್ಡ್‌ನ ಸುತ್ತ ಲೋಹದ ಕ್ಲ್ಯಾಂಪ್ ಹಾಕಿ, ಬಣ್ಣ ಕೆರೆದ ಮೌಂಟಿಂಗ್ ಪ್ಲೇಟ್‌ಗೆ ಬಿಗಿದು, ಮತ್ತೆ ಓಡಿಸಿ ನೋಡಿ. ಅಳತೆಯ ಕುಣಿತ ನಿಂತರೆ ಅಲ್ಲಿ ಬೇಕಿರುವುದು ಶೀಲ್ಡನ್ನು 360 ಡಿಗ್ರಿ ಸುತ್ತ ಹಿಡಿಯುವ ಇಎಂಸಿ ಗ್ಲ್ಯಾಂಡ್, ಅಂದರೆ ವಿದ್ಯುತ್ಕಾಂತೀಯ ಗದ್ದಲ ತಡೆಯುವ ಲೋಹದ ಗ್ಲ್ಯಾಂಡ್. ಅದು ಕೂರುವ ಗೋಡೆಯ ಪೌಡರ್ ಕೋಟಿಂಗ್ ಕೆರೆಯದಿದ್ದರೆ ಗ್ಲ್ಯಾಂಡಿನ ಖರ್ಚು ವ್ಯರ್ಥ, ಇಲ್ಲವೇ ಬಣ್ಣವನ್ನು ಕಚ್ಚುವ ಹಲ್ಲಿನ ಲಾಕ್‌ನಟ್ ಬಳಸಿ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಎಂಸಿ ಗ್ಲ್ಯಾಂಡ್‌ಗೆ ಮುಟ್ಟಲು ಏನೂ ಇಲ್ಲ, ಅಲ್ಲಿ ಲೋಹದ ಪ್ಲೇಟ್ ಕೊಟ್ಟೇ ಯೋಚಿಸಬೇಕು.

ಗ್ಲ್ಯಾಂಡ್ ಪ್ಲೇಟ್ ಬಿಸಿಯಾಗುವುದು

ದೊಡ್ಡ ಕರೆಂಟಿನ ಸಿಂಗಲ್ ಕೋರ್ ಕೇಬಲ್‌ಗಳು ಬರುವ ಪ್ಯಾನೆಲ್‌ನಲ್ಲಿ ಗ್ಲ್ಯಾಂಡ್ ಪ್ಲೇಟ್ ಮುಟ್ಟಲಾಗದಷ್ಟು ಬಿಸಿಯಾಗಿ, ಸೀಲ್‌ಗಳು ಗಡುಸಾಗಿ ಬಿರಿಯುವುದುಂಟು. ಸಡಿಲ ಟರ್ಮಿನಲ್ ಎಂದು ಶಂಕಿಸಿ ಹುಡುಕಿದರೆ ಎಲ್ಲವೂ ಬಿಗಿಯಾಗಿರುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಕೇಬಲ್‌ಗಿಂತ ಪ್ಲೇಟೇ ಹೆಚ್ಚು ಬಿಸಿ, ಅದರಲ್ಲೂ ತೂತುಗಳ ನಡುವೆ. ಕಾರಣ ಇದು: ಉಕ್ಕಿನ ಪ್ಲೇಟಿನಲ್ಲಿ ಪ್ರತಿ ಫೇಸ್‌ಗೂ ಬೇರೆ ತೂತು ಕೊಟ್ಟರೆ ಒಂದೊಂದು ಕೇಬಲ್‌ನ ಕಾಂತಕ್ಷೇತ್ರವೂ ತನ್ನ ಸುತ್ತಲಿನ ಉಕ್ಕಿನಲ್ಲಿ ಸುತ್ತಿ ಸುಳಿ ಪ್ರವಾಹವನ್ನೂ ಹಿಸ್ಟರಿಸಿಸ್ ನಷ್ಟವನ್ನೂ ಹುಟ್ಟಿಸುತ್ತದೆ, ಎರಡೂ ಉಕ್ಕನ್ನು ಬಿಸಿ ಮಾಡುತ್ತವೆ. ಮೂರು ಫೇಸ್‌ಗಳೂ ನ್ಯೂಟ್ರಲ್ಲೂ ಒಂದೇ ಕಿಂಡಿಯಲ್ಲಿ ಹಾದರೆ ಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ. ಹಿತ್ತಾಳೆ ಗ್ಲ್ಯಾಂಡ್ ಹಾಕಿದ ಮಾತ್ರಕ್ಕೆ ಇದು ಸರಿಹೋಗದು, ಸುತ್ತಲಿನ ಪ್ಲೇಟ್ ಉಕ್ಕಾಗಿಯೇ ಉಳಿದಿರುತ್ತದೆ. ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ಪ್ಲೇಟ್ ಹಾಕುವುದು ನೇರ ಪರಿಹಾರ. ತಕ್ಷಣಕ್ಕೆ ಅದು ಸಿಗದಿದ್ದರೆ ತೂತುಗಳನ್ನು ಕೂಡಿಸುವಂತೆ ಸೀಳು ಕತ್ತರಿಸಿ, ಆ ಸೀಳನ್ನು ಕಾಂತೀಯವಲ್ಲದ ವಸ್ತುವಿನಿಂದ ಮುಚ್ಚಬಹುದು.

ರಬ್ಬರ್ ಮತ್ತು ಪ್ಲಾಸ್ಟಿಕ್‌ನ ಆಯ್ಕೆ

ಎಲ್ಲ ಅಳತೆಯೂ ಸರಿಯಿದ್ದು ಸೀಲ್ ಊದಿಕೊಂಡು ಮೆತ್ತಗಾಗಿದ್ದರೆ ಅದು ರಾಸಾಯನಿಕದ ಕೆಲಸ. ಇಪಿಡಿಎಂ ರಬ್ಬರ್ ಬಿಸಿಲು, ಓಝೋನ್, ನೀರನ್ನು ತಾಳುತ್ತದೆ, ಖನಿಜ ಎಣ್ಣೆಯಲ್ಲಿ ಊದುತ್ತದೆ. ಎನ್‌ಬಿಆರ್ ರಬ್ಬರ್ ಎಣ್ಣೆಯನ್ನು ತಾಳುತ್ತದೆ, ಓಝೋನ್‌ಗೆ ಬಿರಿಯುತ್ತದೆ. ಕಟಿಂಗ್ ಆಯಿಲ್ ಸಿಡಿಯುವ ಯಂತ್ರಕ್ಕೂ ಛಾವಣಿಯ ಮೇಲಿನ ಪೆಟ್ಟಿಗೆಗೂ ಒಂದೇ ಗ್ಲ್ಯಾಂಡ್ ತರಿಸುವುದು ಸ್ಟೋರ್‌ಗೆ ಅನುಕೂಲ, ಪ್ಯಾನೆಲ್‌ಗೆ ಅಲ್ಲ. ಬೂದು ಬಣ್ಣದ ಪಾಲಿಅಮೈಡ್ ಬಿಸಿಲಿನಲ್ಲಿ ಪುಡಿಪುಡಿಯಾಗಿದ್ದರೆ ಅದರ ಜಾಗಕ್ಕೆ ಯುವಿ ತಾಳುವ ಕಪ್ಪು ಮಾದರಿಯನ್ನೋ ನಿಕಲ್ ಲೇಪಿತ ಹಿತ್ತಾಳೆಯನ್ನೋ ಹಾಕಿ. ಉಪ್ಪುಗಾಳಿ ಅಥವಾ ಕ್ಷಾರದಲ್ಲಿ ತೊಳೆಯುವ ಕಡೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು.

ಸರಿಪಡಿಸಿದ ಮೇಲೆ

ನೀರು ಹೊಕ್ಕಿದ್ದ ಪ್ಯಾನೆಲನ್ನು ಒಣಗಿಸಿ, ಡ್ರೈವ್, ಪಿಎಲ್‌ಸಿ (ಯಂತ್ರ ನಡೆಸುವ ನಿಯಂತ್ರಕ ಕಂಪ್ಯೂಟರ್) ಮತ್ತು ಸರ್ಜ್ ಅರೆಸ್ಟರ್‌ಗಳನ್ನು ಬಿಡಿಸಿ, ಪವರ್ ಸರ್ಕ್ಯೂಟ್ ಮತ್ತು ಅರ್ತ್ ನಡುವೆ 500 ವೋಲ್ಟ್ ಡಿಸಿ ಮೆಗ್ಗರ್‌ನಿಂದ ಇನ್ಸುಲೇಷನ್ ಅಳೆಯಿರಿ. ಐಇಸಿ 60204-1 ಕೇಳುವ ಕನಿಷ್ಠ ಮೌಲ್ಯ 1 ಮೆಗಾಓಮ್. ಒಣ, ಆರೋಗ್ಯಕರ ಕೇಬಲ್ ಅದಕ್ಕಿಂತ ಬಹಳ ಮೇಲಿರುತ್ತದೆ, ಆದ್ದರಿಂದ 1ರ ಹತ್ತಿರ ಬಂದ ಅಂಕಿಯನ್ನು ಪಾಸ್ ಎಂದು ಬಿಡದೆ ಕೇಬಲ್‌ಗಳನ್ನು ಒಂದೊಂದಾಗಿ ಬಿಡಿಸಿ ಅಳೆದು ಯಾವುದು ಅಂಕಿಯನ್ನು ಕೆಳಗೆಳೆಯುತ್ತಿದೆ ಎಂದು ಕಂಡುಹಿಡಿಯಿರಿ.

ಪಿವಿಸಿ ಹೊರಕವಚ ಸೀಲ್‌ನ ಒತ್ತಡಕ್ಕೆ ನಿಧಾನವಾಗಿ ತಗ್ಗುತ್ತದೆ. ಹೊಸದಾಗಿ ಬಿಗಿದ ಗ್ಲ್ಯಾಂಡನ್ನು ಕೆಲವು ವಾರಗಳ ಬಳಿಕ ಅದೇ ಟಾರ್ಕ್‌ಗೆ ಮತ್ತೊಮ್ಮೆ ಬಿಗಿಯುವ ಕೆಲಸವನ್ನು ನಿರ್ವಹಣಾ ಪಟ್ಟಿಯಲ್ಲಿ ಬರೆಯಿರಿ. ಪ್ರತಿ ಪ್ರವೇಶಕ್ಕೂ ಹಾಕಿದ ಗ್ಲ್ಯಾಂಡಿನ ಮಾದರಿ, ಹಿಡಿತದ ವ್ಯಾಪ್ತಿ, ಸೀಲ್‌ನ ರಬ್ಬರ್ ಮತ್ತು ಅಳೆದ ಕೇಬಲ್ ವ್ಯಾಸವನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿನ ಒಳಗಿರುವ ಡ್ರಾಯಿಂಗ್ ಚೀಲದಲ್ಲಿಡಿ. ಮುಂದೆ ಕೇಬಲ್ ಬದಲಿಸುವವರಿಗೆ ಹೊಸ ಕೇಬಲ್ ಆ ವ್ಯಾಪ್ತಿಯೊಳಗಿದೆಯೇ ಎಂಬುದು ತರಿಸುವ ಮೊದಲೇ ತಿಳಿಯುತ್ತದೆ.